ಕಪ್ಪು ಮನೆ, ಬಿಳಿ ಮನೆ

ಗೋವಿಂದನಹಳ್ಳಿಯ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಯಾರೋ ಪಿಯಾನೋ ನುಡಿಸುವುದನ್ನು ನೋಡಿ ತನಗೂ ಕಲಿಸಬೇಕೆಂದು ಹಟ ಹಿಡಿದಳು ಎಂದಿಟ್ಟುಕೊಳ್ಳಿ. ಅವಳ ಅಪ್ಪ ಏನು ಮಾಡಬೇಕು? ಊರು ಇರುವುದು ಕೆ.ಆರ್.ಪೇಟೆ ತಾಲ್ಲೂಕಿನಲ್ಲಿ, ಕಿಕ್ಕೇರಿಯ ಹತ್ತಿರ. ಪಿಯಾನೋ ಎಂದರೆ ಇನ್ನೂರು ಕಿಲೋ ತೂಗುವ ಮರ-ಕಬ್ಬಿಣದ ಬೀರು. ಅದನ್ನು ಇಳಿಸಿಕೊಳ್ಳಲು ನಾಲ್ಕಾರು ಆಳು ಬೇಕು, ಇಡಲು ಸೋರದ ಮನೆ ಬೇಕು, ವರ್ಷಕ್ಕೊಮ್ಮೆಯಾದರೂ ಶ್ರುತಿ ಮಾಡಲು ಬಲ್ಲವನು ಬೇಕು. ಕಲಿಸುವವರನ್ನು ಹುಡುಕಿಕೊಂಡು ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ಇಷ್ಟು ಲೆಕ್ಕ ಹಾಕುವ ಹೊತ್ತಿಗೆ ಅಪ್ಪ ‘ಬರೋ ವರ್ಷ ನೋಡಣ ಬಿಡವ್ವ’ ಎಂದುಬಿಡುತ್ತಾನೆ. ಬರೋ ವರ್ಷ ಎನ್ನುವುದು ಎಂಥ ವರ್ಷ ಎಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತು.

ಆದರೆ ಅಷ್ಟು ದೂರ ಹೋಗುವ ಮೊದಲು ಆ ಸೀಮೆಯಲ್ಲೇ ಒಬ್ಬರನ್ನು ವಿಚಾರಿಸಬಹುದು. ಅವರು ಹಾರ್ಮೋನಿಯಂ ಮೇಷ್ಟ್ರು.

ಮಂಡ್ಯ ಜಿಲ್ಲೆಯ ಊರುಗಳಲ್ಲಿ ಪೌರಾಣಿಕ ನಾಟಕ ಆಡುವುದು ಹೊಸದೇನಲ್ಲ. ಸುಗ್ಗಿ ಮುಗಿದ ಮೇಲೆ, ಇಲ್ಲವೇ ಹಬ್ಬದ ಹೊತ್ತಿಗೆ ಎಂದು ‘ಕುರುಕ್ಷೇತ್ರ’ ಕಟ್ಟುತ್ತಾರೆ. ದುರ್ಯೋಧನನ ಪಾತ್ರಕ್ಕೆ ಗ್ರಾಮ ಪಂಚಾಯಿತಿ ಮೆಂಬರು, ಕೃಷ್ಣನಿಗೆ ಕಂಠ ಚೆನ್ನಾಗಿರುವ ಹುಡುಗ, ಭೀಮನಿಗೆ ಮೈಕಟ್ಟು ಇರುವವನು. ಇವರಲ್ಲಿ ಹಾಡು ಬಲ್ಲವರು ಒಬ್ಬಿಬ್ಬರು. ಉಳಿದವರು ನೇಗಿಲು, ಹಾಲಿನ ಡೈರಿ, ಅಂಗಡಿ ಬಲ್ಲವರು. ಇಂಥವರಿಗೆ ಕಂದ, ವೃತ್ತಗಳ ಮಟ್ಟು ಹೇಳಿಕೊಟ್ಟು, ತಿಂಗಳುಗಟ್ಟಲೆ ರಾತ್ರಿ ಕೂತು ತಿದ್ದಿ, ಕೊನೆಗೆ ರಂಗದ ಮೇಲೆ ನಿಲ್ಲಿಸುವವರು ಮೇಷ್ಟ್ರು. ಅವರೇ ನಿರ್ದೇಶಕರು, ಅವರೇ ಸಂಗೀತ, ಅವರೇ ಪ್ರಾಂಪ್ಟರು. ಕಾಲಿನಲ್ಲಿ ಗಾಳಿ ತುಳಿಯುವ ಹಾರ್ಮೋನಿಯಂ ಅವರ ಮುಂದಿರುತ್ತದೆ. ಪಿಯಾನೋ ಪಾಠದ ಮೊದಲ ಪುಟವೂ ಅಲ್ಲಿಯೇ ಬಿಚ್ಚಿಕೊಂಡಿರುತ್ತದೆ ಎಂದರೆ ಮೇಷ್ಟ್ರೇ ನಂಬಲಾರರು.

ಏಕೆಂದರೆ ಮನೆಗಳು ಒಂದೇ. ಹಾರ್ಮೋನಿಯಂ ನುಡಿಸುವವರು ಪಟ್ಟಿಗಳನ್ನು ‘ಮನೆ’ ಎನ್ನುತ್ತಾರೆ. ಕಪ್ಪು ಮನೆ, ಬಿಳಿ ಮನೆ. ಏಳು ಬಿಳಿ, ಐದು ಕಪ್ಪು ಸೇರಿದರೆ ಒಂದು ಸ್ಥಾಯಿ. ಪಿಯಾನೋದಲ್ಲಿ ಇವೇ ಹನ್ನೆರಡು ಏಳು ಸಲಕ್ಕಿಂತ ಸ್ವಲ್ಪ ಹೆಚ್ಚಾಗಿ ಮರುಕಳಿಸಿ 88 ಆಗುತ್ತವೆ. 52 ಬಿಳಿ, 36 ಕಪ್ಪು. ನಮ್ಮ ಸಂಗೀತದ ಮಕ್ಕಳು ಮೊದಲು ಕಲಿಯುವ ಮಾಯಾಮಾಳವಗೌಳವನ್ನು ಬಿಳಿ ಒಂದರಿಂದ ಹಿಡಿದರೆ ರಿಷಭ, ಧೈವತ ಎರಡು ಮಾತ್ರ ಕಪ್ಪು ಮನೆಗೆ ಬೀಳುತ್ತವೆ, ಉಳಿದವೆಲ್ಲ ಬಿಳಿ. ಹಳ್ಳಿಯ ಹುಡುಗಿ ಇದನ್ನು ಒಂದು ಸಂಜೆಯಲ್ಲಿ ಕಂಡುಕೊಳ್ಳಬಲ್ಲಳು.

ಇನ್ನು ಅಭ್ಯಾಸದ ಕ್ರಮ. ಪಿಯಾನೋ ಕಲಿಸುವವರು ಇಂದಿಗೂ ಗಂಟಲು ಹರಿದುಕೊಂಡು ಹೇಳುವ ಮಾತು ಒಂದೇ: ನಿಧಾನ. ಮಕ್ಕಳು ಕೇಳುವುದಿಲ್ಲ, ದೊಡ್ಡವರು ಮೊದಲೇ ಕೇಳುವುದಿಲ್ಲ. ಎಲ್ಲರಿಗೂ ಹಾಡು ಇವತ್ತೇ ಬರಬೇಕು. ಓಡಿಸಿ ನುಡಿಸಿದಾಗ ಆಗುವ ತಪ್ಪನ್ನು ಬೆರಳು ಪಾಠವೆಂದೇ ತಿಳಿದು ಕಲಿತುಕೊಳ್ಳುತ್ತದೆ. ಹತ್ತು ಸಲ ತಪ್ಪಿದ ಜಾಗದಲ್ಲಿ ಹನ್ನೊಂದನೆಯ ಸಲವೂ ತಪ್ಪುವುದು ಅದಕ್ಕೇ. ಪುರಂದರದಾಸರ ಹೆಸರಿನಲ್ಲಿ ಬಂದಿರುವ ಸರಳೆ ವರಸೆ, ಜಂಟಿ ವರಸೆಗಳನ್ನು ನೋಡಿ. ಅದೇ ಸ್ವರಗಳು ಮೊದಲನೇ ಕಾಲದಲ್ಲಿ, ಅದರ ಎರಡರಷ್ಟು ವೇಗದಲ್ಲಿ, ಮತ್ತೂ ಎರಡರಷ್ಟು ವೇಗದಲ್ಲಿ. ಒಂದನೇ ಕಾಲ ಬಾರದವನಿಗೆ ಮೂರನೇ ಕಾಲ ಇಲ್ಲ. ಮೇಲ್ಜೆಲ್ ಎಂಬಾತ ಯೂರೋಪಿನಲ್ಲಿ ಟಿಕ್ ಟಿಕ್ ಎನ್ನುವ ಮೆಟ್ರೋನೋಮಿಗೆ ಪೇಟೆಂಟ್ ಪಡೆದದ್ದು 1815ರಲ್ಲಿ. ನಮ್ಮಲ್ಲಿ ತೊಡೆಯ ಮೇಲೆ ಬೀಳುವ ಅಂಗೈ ಆ ಕೆಲಸ ಮಾಡಿಕೊಂಡು ಬಂದಿದೆ, ಕೀಲಿ ಕೊಡುವ ತಾಪತ್ರಯವೂ ಇಲ್ಲ.

ಬೆರಳಿನ ವಿಷಯದಲ್ಲಿ ಒಂದು ತಮಾಷೆಯಿದೆ. ಗೋವಿಂದನಹಳ್ಳಿಯನ್ನು ಹೊರಗಿನವರು ಬಲ್ಲದ್ದು ಅಲ್ಲಿನ ಪಂಚಲಿಂಗೇಶ್ವರ ದೇವಾಲಯದಿಂದ. ಹದಿಮೂರನೇ ಶತಮಾನದ ಹೊಯ್ಸಳ ಗುಡಿ. ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿ, ನೆಲಕ್ಕೂರಿದ ಕೈಯ ಬೆರಳುಗಳ ಹಾಗೆ ನಿಂತಿವೆ. ಮೊದಲಿದ್ದದ್ದು ನಾಲ್ಕು, ಐದನೆಯದು ಆಮೇಲೆ ಸೇರಿತು ಎಂದು ವಾಸ್ತುವಿನ ವಿದ್ವಾಂಸರು ಹೇಳುತ್ತಾರೆ. ಪಿಯಾನೋ ಕೈಯ ಕಥೆಯೂ ಹಾಗೇ. ಯೂರೋಪಿನಲ್ಲಿ ಬಹಳ ಕಾಲ ಮನೆ ವಾದ್ಯಗಳನ್ನು ಮುಖ್ಯವಾಗಿ ನಾಲ್ಕು ಬೆರಳುಗಳಲ್ಲೇ ನುಡಿಸುತ್ತಿದ್ದರು. ಹೆಬ್ಬೆರಳು ದೂರದ ಮನೆಗೆ ಕೈ ಚಾಚುವಾಗ ಮಾತ್ರ. ಕಾರ್ಲ್ ಫಿಲಿಪ್ ಇಮ್ಯಾನುಯಲ್ ಬಾಖ್ 1753ರಲ್ಲಿ ಪ್ರಕಟಿಸಿದ ವಾದನ ಪಾಠದ ಪುಸ್ತಕದಲ್ಲಿ ತನ್ನ ತಂದೆ ಸೆಬಾಸ್ಟಿಯನ್ ಬಾಖ್ ಎಳೆಯನಾಗಿದ್ದಾಗ ಅಂಥ ದೊಡ್ಡ ವಾದಕರನ್ನು ಕೇಳಿದ್ದನೆಂದು ಬರೆದಿದ್ದಾನೆ. ಅಪ್ಪ-ಮಗ ಸೇರಿ ಹೆಬ್ಬೆರಳನ್ನು ಕೆಲಸಕ್ಕೆ ಹಚ್ಚಿದರು. ಉಳಿದ ಬೆರಳುಗಳ ಅಡಿಯಲ್ಲಿ ನುಸುಳಿ ಮುಂದಿನ ಮನೆಗೆ ಹೋಗುವುದು ಹೆಬ್ಬೆರಳಿನ ಕೆಲಸ. ಈ ನುಸುಳುವಿಕೆ ಬಾರದೆ ಯಾರ ಕೈಯೂ ಒಂದು ಸ್ಥಾಯಿ ದಾಟಿ ಸಲೀಸಾಗಿ ಓಡಲಾರದು. ಹೊಸಬರ ಕೈ ಅಲ್ಲಿ ಎಡವುತ್ತದೆ, ಮೊಣಕೈ ಹಾರುತ್ತದೆ. ಹದಿನೈದು ದಿನ ಅದೊಂದನ್ನೇ ಮಾಡಿಸುವ ಗುರು ಸಿಕ್ಕರೆ ಶಿಷ್ಯನ ಪುಣ್ಯ, ಆಗ ಹಾಗೆ ಅನ್ನಿಸುವುದಿಲ್ಲ ಅಷ್ಟೇ.

ಬಿಳಿ ಮನೆಗಳಿಂದಲೇ ಶುರು ಮಾಡುವುದು ಸುಲಭ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಪ್ಯಾರಿಸಿನಲ್ಲಿ ಪಾಠ ಹೇಳಿಯೇ ಜೀವನ ಮಾಡುತ್ತಿದ್ದ ಶೋಪಾನ್ ಇದನ್ನು ಒಪ್ಪುತ್ತಿರಲಿಲ್ಲ. ಹೆಬ್ಬೆರಳು, ಕಿರುಬೆರಳು ಎರಡೂ ಗಿಡ್ಡ. ಅವು ಬಿಳಿ ಮನೆಯ ಮೇಲಿರಲಿ. ನಡುವಿನ ಮೂರು ಉದ್ದ ಬೆರಳುಗಳು ಎತ್ತರದ ಕಪ್ಪು ಮನೆಗಳ ಮೇಲಿರಲಿ. ಆಗ ಕೈ ತನ್ನ ಹುಟ್ಟು ಆಕಾರದಲ್ಲೇ ಕೂರುತ್ತದೆ. ಬರೀ ಬಿಳಿ ಮನೆಗಳ ಶ್ರೇಣಿ ಕಾಗದದ ಮೇಲೆ ಓದಲು ಸುಲಭ, ಕೈಗೆ ಅದೇ ಕಷ್ಟ. ಅದು ಕೊನೆಗೆ ಬರಲಿ ಎನ್ನುವುದು ಅವನ ಕ್ರಮ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಸಾಧನೆ ಮಾಡಿದವರನ್ನೂ ಅವನು ಗದರುತ್ತಿದ್ದ. ಇದಕ್ಕೆ ವಿರುದ್ಧವಾದ ಕಥೆ ಷೂಮನ್ನನದು. ಬೆರಳು ಬಲಪಡಿಸಲು ಯಂತ್ರ ಕಟ್ಟಿಕೊಂಡಿದ್ದ ಆ ಮನುಷ್ಯ ಬಲಗೈ ಕೆಡಿಸಿಕೊಂಡು ವಾದಕನಾಗುವ ಆಸೆ ಬಿಟ್ಟ. ಕೈ ಕೆಟ್ಟದ್ದು ಆ ಯಂತ್ರದಿಂದಲೋ ಬೇರೆ ಕಾರಣದಿಂದಲೋ ಎಂದು ವೈದ್ಯರೂ ಇತಿಹಾಸಕಾರರೂ ಇನ್ನೂ ಜಗಳವಾಡುತ್ತಾರೆ. ಸದ್ಯ, ರಚನೆಗೆ ಬೆರಳು ಬೇಕಿರಲಿಲ್ಲ.

ಇಲ್ಲಿಯವರೆಗೆ ಮೇಷ್ಟ್ರು ಸಾಕು. ಇನ್ನು ಮುಂದೆ ಅವರ ವಾದ್ಯ ಸಾಲದು.

ಹಾರ್ಮೋನಿಯಮ್ಮಿನಲ್ಲಿ ದನಿಯ ಏರಿಳಿತ ತಿದಿಯ ಕೈಲಿದೆ. ಗಾಳಿ ಜೋರಾದರೆ ದನಿ ಜೋರು. ಬೆರಳಿಗೆ ಅದರ ಜವಾಬ್ದಾರಿ ಇಲ್ಲ, ಬಾಗಿಲು ತೆರೆದು ಮುಚ್ಚುವ ಜವಾನನ ಕೆಲಸ ಅದರದು. ಕೈಯಲ್ಲಿ ಗಾಳಿ ಹಾಕುವ ಪೆಟ್ಟಿಗೆಯಾದರೆ ಎಡಗೈ ಪೂರ್ತಿ ತಿದಿಗೇ ಮೀಸಲು, ಅದು ಸಂಗೀತ ಕಲಿಯುವುದೇ ಇಲ್ಲ. ಪಿಯಾನೋದಲ್ಲಿ ತಿದಿ ಇಲ್ಲ. ಫ್ಲಾರೆನ್ಸಿನ ಬಾರ್ತಲೋಮಿಯೊ ಕ್ರಿಸ್ತೋಫೊರಿ 1700ರ ಸುಮಾರಿಗೆ ಮಾಡಿದ ಹೊಸ ವಾದ್ಯದಲ್ಲಿ ಮನೆ ಒತ್ತಿದರೆ ಒಳಗೊಂದು ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ಜಾಣತನವಿರುವುದು ಬಡಿಯುವುದಕ್ಕೆ ಕೂದಲೆಳೆಯಷ್ಟು ಮುಂಚೆ: ಬೆರಳಿಗೂ ಸುತ್ತಿಗೆಗೂ ಅಲ್ಲಿ ಸಂಬಂಧ ಕಡಿದುಹೋಗುತ್ತದೆ. ಸುತ್ತಿಗೆ ಕವಣೆಯ ಕಲ್ಲಿನಂತೆ ತನ್ನಷ್ಟಕ್ಕೆ ಹಾರಿ, ಬಡಿದು, ಹಿಂದೆ ಬೀಳುತ್ತದೆ. ಬಿಟ್ಟ ಕಲ್ಲನ್ನು ತಿದ್ದುವ ಹಾಗಿಲ್ಲ. ಎಷ್ಟು ವೇಗದಲ್ಲಿ ಬಿಟ್ಟೆವು ಎನ್ನುವುದಷ್ಟೇ ಕೈಯಲ್ಲಿರುವುದು. ಮೆಲ್ಲಗೆ ಇಳಿದರೆ ಮೆಲು ದನಿ, ಚುರುಕಾಗಿ ಇಳಿದರೆ ಗಟ್ಟಿ ದನಿ. ವಾದ್ಯದ ಹೆಸರೇ ‘ಮೆಲು’, ‘ಗಟ್ಟಿ’ ಎಂಬ ಎರಡು ಇಟಾಲಿಯನ್ ಪದಗಳಿಂದ ಬಂದದ್ದು. ಅವನು ಮಾಡಿದ ಪಿಯಾನೋಗಳಲ್ಲಿ ಮೂರು ಇಂದಿಗೂ ಉಳಿದಿವೆ.

ಆದ್ದರಿಂದ ಹುಡುಗಿಗೆ ಕೀಬೋರ್ಡ್ ತರುವ ಅಪ್ಪ ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿಯೇ ತರಬೇಕು. ಒಂದೇ ಮನೆಯನ್ನು ಮೆಲ್ಲಗೆ ಒತ್ತಿ, ಆಮೇಲೆ ಜೋರಾಗಿ ಒತ್ತಿ ನೋಡುವುದು. ದನಿ ಎರಡು ಸಲವೂ ಒಂದೇ ಆಗಿದ್ದರೆ ಅದು ಬಣ್ಣದ ಹಾರ್ಮೋನಿಯಂ, ಅಷ್ಟೇ. ವ್ಯತ್ಯಾಸ ಕೇಳಿಸಿದರೆ ಮುಂದಿನ ಮಾತು. ಮನೆಗಳಿಗೆ ಒಳಗೆ ತೂಕ ಇಟ್ಟಿದ್ದರೆ ಇನ್ನೂ ಒಳ್ಳೆಯದು, ಬೆಲೆಯೂ ಹಾಗೇ ಏರುತ್ತದೆ. ನೂರು ತರಹದ ತಾಳ, ಇನ್ನೂರು ತರಹದ ದನಿ ಇದೆ ಎಂದು ಅಂಗಡಿಯವನು ಗುಂಡಿ ಒತ್ತಿ ತೋರಿಸಿದರೆ ಅದನ್ನು ಕೇಳಿಸಿಕೊಳ್ಳದಿರುವುದೇ ಕ್ಷೇಮ.

ಮನೆ ಇದ್ದ ಮಾತ್ರಕ್ಕೆ ವಾದ್ಯವಾಗುವುದಿಲ್ಲ ಎನ್ನುವುದಕ್ಕೆ ಈ ಜಿಲ್ಲೆಯದೇ ಒಂದು ಸಾಕ್ಷಿ ಲಂಡನ್ನಿನಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಹೊತ್ತೊಯ್ದ ಟಿಪ್ಪುವಿನ ಮರದ ಹುಲಿಯನ್ನು ಎಲ್ಲರೂ ಬಲ್ಲರು. ಹಿಡಿ ತಿರುಗಿಸಿದರೆ ಹುಲಿ ಗುರ್ರೆನ್ನುತ್ತದೆ, ಕೆಳಗೆ ಬಿದ್ದ ಬಿಳಿಯ ನರಳುತ್ತಾನೆ. ಹುಲಿಯ ಪಕ್ಕೆಯ ಬಾಗಿಲು ತೆರೆದರೆ ಒಳಗೆ ದಂತದ 18 ಮನೆಗಳ ಆರ್ಗನ್ ಇದೆ ಎಂಬುದು ಹಲವರಿಗೆ ಗೊತ್ತಿಲ್ಲ. ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಇಟ್ಟಿದ್ದಾಗ ಬಂದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಪಕ್ಕದಲ್ಲಿ ಓದುತ್ತಾ ಕೂತ ಪಂಡಿತರ ತಲೆ ಕೆಡಿಸಿದರಂತೆ. ಕಲಿಯದವರ ಕೈಗೆ ಮನೆ ವಾದ್ಯ ಸಿಕ್ಕರೆ ಅಕ್ಕಪಕ್ಕದವರ ಗತಿ ಏನೆಂದು ಅಂದೇ ತೀರ್ಮಾನವಾಗಿತ್ತು. ಹುಲಿ ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿದೆ.

ಕಲಿಯುವುದೆಂದರೆ ಬೆರಳಿನ ಕಸರತ್ತು ಎಂದು ಹೊರಗಿನಿಂದ ನೋಡುವವರಿಗೆ ತೋರುತ್ತದೆ. ಬೆರಳನ್ನು ಇಂದು ಮೊಬೈಲೂ ಕಲಿಸುತ್ತದೆ. ಯೂಟ್ಯೂಬಿನಲ್ಲಿ ಮನೆಗಳ ಮೇಲೆ ಹಸಿರು, ನೀಲಿ ಪಟ್ಟಿಗಳು ಮಳೆಯಂತೆ ಇಳಿಯುತ್ತವೆ. ಅವು ಬಿದ್ದಲ್ಲಿ ಒತ್ತಿದರಾಯಿತು, ಸಿನಿಮಾ ಹಾಡು ಬಂತು. ಆದರೆ ಆ ಮೊಬೈಲು ಹೇಳುತ್ತದೆಯೇ ಹೊರತು ಕೇಳುವುದಿಲ್ಲ. ಎಡಗೈ ಬಲಗೈಯನ್ನು ಮುಳುಗಿಸುತ್ತಿದೆ, ನಾಲ್ಕನೆಯ ಬೆರಳು ಪ್ರತಿ ಸಲ ತಡವಾಗುತ್ತಿದೆ, ಪೆಡಲ್ ಬಿಡದೆ ಹಿಂದಿನ ಸ್ವರಗಳೆಲ್ಲ ಕಲಸಿ ಅಂಬಲಿಯಾಗಿವೆ. ಇದನ್ನು ಕೇಳಿ ಹೇಳಲು ಪಕ್ಕದಲ್ಲಿ ಒಂದು ಕಿವಿ ಬೇಕು. ಗುರು ಎಂದರೆ ಮೊದಲಿಗೆ ಆ ಕಿವಿ. ನಾಲ್ಕಾರು ವರ್ಷ ಕಳೆದರೆ ಶಿಷ್ಯನಿಗೆ ತನ್ನದೇ ಕಿವಿ ಮೂಡಬೇಕು, ಗುರು ಇಲ್ಲದ ಹೊತ್ತಿನಲ್ಲೂ ತನ್ನನ್ನು ತಾನು ಹಿಡಿದು ನಿಲ್ಲಿಸುವಂಥದ್ದು. ಲಂಡನ್ನಿನ ಸಂಸ್ಥೆಗಳು ನಮ್ಮ ಊರುಗಳಲ್ಲಿ ನಡೆಸುವ ಎಂಟು ಗ್ರೇಡುಗಳ ಪರೀಕ್ಷೆಯಲ್ಲಿ ಪಾಠ ನುಡಿಸಿದರೆ ಮುಗಿಯಲಿಲ್ಲ, ಕಿವಿಗೂ ಪರೀಕ್ಷೆ ಇಟ್ಟಿರುವುದು ಅದಕ್ಕೇ. ಟ್ಯೂಷನ್ ಸೇರಿಸುವ ತಂದೆತಾಯಿ ಗ್ರೇಡನ್ನು ಎಣಿಸುತ್ತಾರೆ, ಅದು ಬೇರೆ ಮಾತು.

ಈ ಕಿವಿಯ ಮಾತಿಗೆ ಮೈಸೂರು ಸೀಮೆಯಲ್ಲಿ ಒಬ್ಬ ವಿದ್ಯಾರ್ಥಿಯನ್ನು ನೆನೆಯದೆ ಇರಲಾಗದು. ಹುಟ್ಟಿದ್ದು 1919ರ ಜುಲೈ 18. ಚಿಕ್ಕಂದಿನಿಂದ ಪಿಯಾನೋ ಪಾಠ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಆಗುವವರೆಗೆ ಸಾಧನೆ. ಕಛೇರಿಯ ವೇದಿಕೆಯೇರಿ ಪಿಯಾನೋ ವಾದಕನಾಗಬೇಕೆಂಬ ಆಸೆ. 1940ರ ಮಾರ್ಚಿನಲ್ಲಿ ತಂದೆ ತೀರಿಕೊಂಡರು, ಆಗಸ್ಟಿನಲ್ಲಿ ದೊಡ್ಡಪ್ಪ ತೀರಿಕೊಂಡರು. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು. ಇಪ್ಪತ್ತೊಂದರ ಹುಡುಗ ಸೆಪ್ಟೆಂಬರಿನಲ್ಲಿ ಸಿಂಹಾಸನವೇರಿ ಜಯಚಾಮರಾಜೇಂದ್ರ ಒಡೆಯರಾದರು. ಮಹಾರಾಜರು ಟಿಕೆಟ್ಟು ಮಾರುವ ಸಭಾಂಗಣದಲ್ಲಿ ಕೂತು ಪಿಯಾನೋ ನುಡಿಸುವ ಹಾಗಿಲ್ಲ. ಅರಮನೆಯಲ್ಲಿ ಒಳ್ಳೊಳ್ಳೆಯ ಪಿಯಾನೋಗಳಿದ್ದವು, ವೇದಿಕೆ ಇರಲಿಲ್ಲ.

ಅದೇ 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಮ್ಮನ್ನು ತನ್ನ ಬಾಗಿಲಿನಿಂದ ಆಚೆ ಇಟ್ಟಿತು. ಮನೆಗಳಲ್ಲಿ ಕೂತ ಸ್ವರ ಅಲುಗದು, ಗಮಕ ಬಾರದು, ನಮ್ಮ ಸಂಗೀತಕ್ಕೆ ಅದು ಒಗ್ಗದು ಎನ್ನುವುದು ವಾದ. ಬಹಿಷ್ಕಾರ ಸಡಿಲವಾದದ್ದು 1971ರಲ್ಲಿ. ಆ ಮೂವತ್ತು ವರ್ಷ ಹಳ್ಳಿಯ ನಾಟಕದ ಮೇಷ್ಟ್ರುಗಳಿಗೆ ಈ ಸುದ್ದಿ ತಲುಪಿದ್ದೇ ಅನುಮಾನ. ಅವರು ತಮ್ಮ ಪಾಡಿಗೆ ಭೀಮನನ್ನು ತಿದ್ದುತ್ತಲೇ ಇದ್ದರು.

ಒಡೆಯರ ಕಿವಿ ಮಾತ್ರ ಕೆಲಸ ನಿಲ್ಲಿಸಲಿಲ್ಲ. ಇಪ್ಪತ್ತು ಸಾವಿರದಷ್ಟು ಗ್ರಾಮಫೋನ್ ತಟ್ಟೆಗಳ ಸಂಗ್ರಹ ಅವರದೆಂದು ಅಂದಾಜು. ಕೇಳುತ್ತ ಕೇಳುತ್ತ ಅವರ ಮನಸ್ಸು ನಿಂತದ್ದು ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಪಿಯಾನೋ ವಾದಕ-ರಚನಕಾರನ ಮೇಲೆ. ಹುಟ್ಟಿದ್ದು 1880, ಕ್ರಾಂತಿಯ ನಂತರ ದೇಶ ಬಿಟ್ಟು, ಅಲ್ಲಿ ಇಲ್ಲಿ ಅಲೆದು ಲಂಡನ್ನಿನಲ್ಲಿ ನೆಲೆಸಿದ್ದ. ಪಿಯಾನೋಗೆಂದೇ ಹದಿನಾಲ್ಕು ಸೊನಾಟಾ ಬರೆದ ಈ ಮನುಷ್ಯನನ್ನು ಆ ಹೊತ್ತಿಗೆ ಕೇಳುವವರು ಕಡಿಮೆ. ವಯಸ್ಸಾಗಿತ್ತು, ಆರೋಗ್ಯವೂ ಕೆಟ್ಟಿತ್ತು. ಸಾವಿರಾರು ಮೈಲಿ ದೂರದ ಮೈಸೂರಿನ ಮಹಾರಾಜ ಅವನ ರಚನೆಗಳನ್ನು ಅವನ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಲು ಹಣ ಕೊಟ್ಟು ಮೆಟ್ನರ್ ಸೊಸೈಟಿ ಕಟ್ಟಿಸಿದರು. 1947ರಲ್ಲಿ ಮೂರು ಕಂಚರ್ಟೋಗಳು ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ಮುದ್ರಣವಾದವು, ಆಮೇಲೆ ಹಾಡುಗಳು, ಬಿಡಿ ರಚನೆಗಳು. ಮೂರನೆಯ ಕಂಚರ್ಟೋ ಮೈಸೂರಿನ ಮಹಾರಾಜರಿಗೇ ಅರ್ಪಣೆ. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡ. ಇನ್ನು ನಾಲ್ಕೈದು ವರ್ಷ ಯಾರೂ ಕೇಳದೆ ಹೋಗಿದ್ದರೆ ಆ ಕೈ ಹೇಗೆ ನುಡಿಸುತ್ತಿತ್ತೆಂದು ಇಷ್ಟು ವಿಸ್ತಾರವಾಗಿ ತಿಳಿಯುವ ದಾರಿಯೇ ಇರುತ್ತಿರಲಿಲ್ಲ.

ಮೆಟ್ನರನದು ಇನ್ನೊಂದು ಸಂಗತಿಯಿದೆ, ಕಲಿಯುವವರಿಗೆ ಅದೇ ಹೆಚ್ಚು ಹತ್ತಿರ. ತನ್ನ ದಿನದಿನದ ಸಾಧನೆಯ ಬಗ್ಗೆ ಅವನು ತನಗಾಗಿಯೇ ಟಿಪ್ಪಣಿ ಬರೆದುಕೊಳ್ಳುತ್ತಿದ್ದ. ಅವನ್ನೆಲ್ಲ ಕೂಡಿಸಿ 1963ರಲ್ಲಿ ಮಾಸ್ಕೋದಲ್ಲಿ ಪುಸ್ತಕ ಮಾಡಿದರು. ಅಷ್ಟು ದೊಡ್ಡ ವಾದಕನೂ ತನಗೆ ತಾನೇ ಮೇಷ್ಟ್ರಾಗಿ ದಿನವೂ ಪಾಠ ಹೇಳಿಕೊಳ್ಳುತ್ತಿದ್ದನೆಂದರೆ, ಮೂರನೇ ತಿಂಗಳಿಗೇ ‘ಇನ್ನೂ ಬರಲಿಲ್ಲ’ ಎಂದು ಅಳುವ ಮಕ್ಕಳಿಗೆ, ಅವರಿಗಿಂತ ಹೆಚ್ಚು ಅಳುವ ತಂದೆತಾಯಿಗೆ ಸ್ವಲ್ಪ ಸಮಾಧಾನವಾಗಬಹುದು.

ಮಹಾರಾಜರ ಕಿವಿಗೆ ಇನ್ನೊಂದು ಸಾಲ ಜಗತ್ತಿನ ಮೇಲಿದೆ. ರಿಚರ್ಡ್ ಸ್ಟ್ರಾಸ್ ಸಾಯುವ ಮುನ್ನಿನ ವರ್ಷ, 1948ರಲ್ಲಿ, ಬರೆದ ಕೊನೆಯ ನಾಲ್ಕು ಹಾಡುಗಳ ಮೊದಲ ಕಛೇರಿ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಯಿತು. ಹಾಡಿದ್ದು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದ್ದು ಫುರ್ಟ್‌ವೆಂಗ್ಲರ್. ಖರ್ಚಿಗೆ 4,800 ಡಾಲರಿನ ಭರವಸೆ ಕೊಟ್ಟು ಬೆನ್ನಿಗೆ ನಿಂತವರು ಮೈಸೂರಿನ ಒಡೆಯರು. ಅವರು ಆ ಸಂಜೆ ಅಲ್ಲಿರಲಿಲ್ಲ. ಕಛೇರಿಯನ್ನು ಮುದ್ರಿಸಿ ಮೈಸೂರಿಗೆ ಕಳಿಸಿದರು. ರಾಜರು ಪಿಯಾನೋ ಕಲಿಕೆಯನ್ನು ಅಲ್ಲಿಗೇ ಬಿಟ್ಟು ಕೂರಲೂ ಇಲ್ಲ, ಬೇರೆ ಪಾಠಕ್ಕೆ ಕೂತರು. ವೀಣೆ ಕಲಿತರು, ಕರ್ನಾಟಕ ಸಂಗೀತದಲ್ಲಿ ‘ಶ್ರೀವಿದ್ಯಾ’ ಅಂಕಿತದಲ್ಲಿ ಸಂಸ್ಕೃತದ 94 ಕೃತಿಗಳನ್ನು ರಚಿಸಿದರು. ಪಟ್ಟಕ್ಕೆ ಬಂದ ಮೇಲೆ ಶುರುವಾದ ರಚನೆ ಅದು. ವಯಸ್ಸಾಯಿತು, ಇನ್ನೇನು ಕಲಿಯುವುದು ಎನ್ನುವವರ ಸಾಲಿಗೆ ಅವರು ಸೇರಲಿಲ್ಲ.

ಅರಮನೆಯ ಕಥೆ ಅರಮನೆಗಾಯಿತು. ಇಪ್ಪತ್ತು ಸಾವಿರ ತಟ್ಟೆ ಇಲ್ಲದ ಕಡೆ ಕಿವಿ ಹೇಗೆ ಬೆಳೆಯುತ್ತದೆ? ‘ಕುರುಕ್ಷೇತ್ರ’ದ ರಾತ್ರಿ ರಂಗದ ಬದಿಯಲ್ಲಿ ಕೂತು ನೋಡಿದರೆ ತಿಳಿಯುತ್ತದೆ. ಎರಡು ಗಂಟೆ ದಾಟಿದೆ. ಭೀಮನ ಗಂಟಲು ಕಟ್ಟಿದೆ. ಕಪ್ಪು ಎರಡರಲ್ಲಿ ಎತ್ತಿದ ವೃತ್ತವನ್ನು ಆವೇಶದಲ್ಲಿ ಅರ್ಧ ಮನೆ ಮೇಲಕ್ಕೆ ತಳ್ಳಿಬಿಟ್ಟಿದ್ದಾನೆ, ತಾನು ತಳ್ಳಿದ್ದು ಅವನಿಗೆ ಗೊತ್ತಿಲ್ಲ. ಸಭೆಗೂ ಗೊತ್ತಾಗಬಾರದು. ಮೇಷ್ಟ್ರು ಕಣ್ಣು ಅವನ ಕಡೆಗೆ ತಿರುಗಿಸುವುದೂ ಇಲ್ಲ. ಕಾಲು ತುಳಿಯುತ್ತಲೇ ಇರುತ್ತದೆ, ಬೆರಳು ಸದ್ದಿಲ್ಲದೆ ಪಕ್ಕದ ಮನೆಗೆ ಜಾರಿ ಅವನನ್ನು ಹೊತ್ತುಕೊಳ್ಳುತ್ತದೆ. ಪದ್ಯ ಮುಗಿಯುವ ಹೊತ್ತಿಗೆ ಶಿಳ್ಳೆ, ಚಪ್ಪಾಳೆ, ಐನೂರರ ನೋಟಿನ ಹಾರ, ಎಲ್ಲ ಭೀಮನಿಗೆ. ದೊಡ್ಡ ಹಾಡುಗಾರರ ಜೊತೆ ಕೂತು ಪಿಯಾನೋ ನುಡಿಸುವವರು ವರ್ಷಗಟ್ಟಲೆ ಸಾಧಿಸುವ ಗುಣ ಇದೇ.

ಆ ಹುಡುಗಿಯನ್ನು ಅಪ್ಪ ಒಂದು ಸಂಜೆ ಪ್ರಾಕ್ಟೀಸಿಗೆ ಕರೆತಂದರೆ ಮೇಷ್ಟ್ರು ಅವಳ ಕೈಯನ್ನು ಹಾರ್ಮೋನಿಯಂ ಮೇಲಿಡಿಸುವುದಿಲ್ಲ, ಅಷ್ಟು ಬೇಗ ಇಡಿಸಬಾರದು. ತಾವೇ ಒಂದು ಮನೆ ಒತ್ತಿ, ಇನ್ನೊಂದು ಒತ್ತಿ, ಬಿಡುತ್ತಾರೆ. ‘ಕಣ್ ಮುಚ್ಕೊಳವ್ವ. ಈಗ ಒತ್ತಿದ್ದು ಮೊದ್ಲುದ್ದೋ, ಎರಡ್ನೇದೋ, ಯೋಳು.’